ಕಿಟಕಿಯೊಳಗಿನ ಏತ

ಮಕ್ಕಳೇ, ನಮ್ಮ ಮನೆಗಳ ಕಿಟಕಿ ಬಾಗಿಲಿನ ಹಾಗೆ ಕೀಲಿನ ಮೇಲೆ ತೆರೆಯುತ್ತದೆ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಗಾಜು ಕೂರಿಸಿದ ಎರಡು ಚೌಕಟ್ಟು, ಒಂದು ಮೇಲೆ, ಒಂದು ಕೆಳಗೆ. ಗಾಳಿ ಬೇಕಾದರೆ ಕೆಳಗಿನದನ್ನು ಮೇಲಕ್ಕೆ ಎತ್ತಬೇಕು, ಇಲ್ಲವೇ ಮೇಲಿನದನ್ನು ಕೆಳಕ್ಕೆ ಎಳೆಯಬೇಕು. ಇದಕ್ಕೆ ಸ್ಯಾಶ್ ಕಿಟಕಿ ಎನ್ನುತ್ತಾರೆ. ಆ ದೇಶದಲ್ಲಿ 1696ರಿಂದ 1851ರವರೆಗೆ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರಂತೆ! ತೆರಿಗೆ ತಪ್ಪಿಸಲು ಕೆಲವರು ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟರು.

ಮ್ಯಾಂಚೆಸ್ಟರಿನಲ್ಲಿರುವ ನನ್ನ ಮಗಳ ಮನೆಗೆ ನೂರು ವರ್ಷ ದಾಟಿದೆ. ಹೋದ ಬೇಸಿಗೆಯಲ್ಲಿ ನಾನು ಅಲ್ಲಿದ್ದಾಗ, ಎಂಟು ವರ್ಷದ ಮೊಮ್ಮಗನ ಕೋಣೆಯ ಕಿಟಕಿ ಎತ್ತಿದರೆ ನಿಲ್ಲುತ್ತಿರಲಿಲ್ಲ. ಒಂದು ಕೋಲು ಕೊಟ್ಟು ನಿಲ್ಲಿಸಿದ್ದರು. ಕೋಲು ಜಾರಿದರೆ ಅಷ್ಟೂ ಭಾರ ಮಗುವಿನ ಬೆರಳಿನ ಮೇಲೆ. ಹಾಗಾಗಿ ಅವನಿಗೆ ಕಿಟಕಿ ಮುಟ್ಟುವಂತಿಲ್ಲ, ನಮಗೆ ರಾತ್ರಿ ನಿದ್ದೆಯಿಲ್ಲ.

“ಅಮ್ಮಾ, ಒಳಗೆ ಹಗ್ಗ ಹರಿದಿರಬೇಕು. ನಾವೇ ಹಾಕೋಣ,” ಎಂದಳು ಮಗಳು.

ಹಳೆಯ ಬಣ್ಣದಲ್ಲಿ ಸೀಸ ಇರುವುದುಂಟು. ಅದರ ಧೂಳು ಮಕ್ಕಳಿಗೆ ವಿಷ. ಅದಕ್ಕೇ ಉಜ್ಜು ಕಾಗದ ಹಾಕಲಿಲ್ಲ; ಅಂಚಿನ ಪಟ್ಟಿಯನ್ನು ತೆಳ್ಳಗಿನ ಉಳಿಯಿಂದ ನಿಧಾನವಾಗಿ ಎಬ್ಬಿಸಿ, ಬಿದ್ದ ಚೂರನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಹುಡುಗನನ್ನು ಒಳಗೆ ಕರೆದೆವು. ಚೌಕಟ್ಟು ಕೈಗೆ ಬಂತು. ಕಿಟಕಿಯ ಪಕ್ಕದ ಮರದಲ್ಲಿ ಒಂದು ಪುಟ್ಟ ಮುಚ್ಚಳವಿತ್ತು. ತೆಗೆದರೆ ಒಳಗೆ ಟೊಳ್ಳು ಗೂಡು, ಅದರಲ್ಲಿ ಉದ್ದನೆಯ ಕಬ್ಬಿಣದ ಗುಂಡು!

“ಅಜ್ಜೀ, ಕಿಟಕಿಯೊಳಗೆ ಕಬ್ಬಿಣ ಯಾಕೆ?”

“ನಮ್ಮ ಹಳ್ಳಿಯ ಏತ ಹೇಳಿದ್ದೆನಲ್ಲ ಪುಟ್ಟಾ? ಬಾವಿಯ ಕಡೆ ನೀರಿನ ಕೊಡ, ಆ ಕಡೆ ಕಲ್ಲು. ಕಲ್ಲು ಇಳಿದರೆ ಕೊಡ ಏರುತ್ತದೆ. ಇದೂ ಅದೇ.”

ಹಗ್ಗದ ಒಂದು ತುದಿ ಚೌಕಟ್ಟಿಗೆ, ನಡುವೆ ಮೇಲೊಂದು ರಾಟೆ, ಇನ್ನೊಂದು ತುದಿಗೆ ಈ ಗುಂಡು. ಎರಡು ಪಕ್ಕಕ್ಕೂ ಒಂದೊಂದು. ಮಗಳು ಚೌಕಟ್ಟು ಹಿಡಿದು ತೂಕದ ಯಂತ್ರದ ಮೇಲೆ ನಿಂತಳು: 69 ಕೆ.ಜಿ. ಕೆಳಗಿಟ್ಟು ನಿಂತಳು: 58. ಮೊಮ್ಮಗ ಕಳೆದು ಹೇಳಿದ, “ಕಿಟಕಿ 11 ಕೆ.ಜಿ.!” ಗುಂಡುಗಳು ಒಂದೊಂದೂ ಐದೂಕಾಲು ಕೆ.ಜಿ., ಎರಡೂ ಸೇರಿ ಹತ್ತೂವರೆ. ಅರ್ಧ ಕೆ.ಜಿ. ಕಡಿಮೆ ಇರುವುದು ಬೇಕೆಂದೇ. ಕೆಳಗಿನ ಚೌಕಟ್ಟು ಸ್ವಲ್ಪ ಹೆಚ್ಚು ಭಾರವಿದ್ದರೆ ಮುಚ್ಚಿದಾಗ ಕೆಳಗೇ ಕೂರುತ್ತದೆ. ಮೇಲಿನದಕ್ಕೆ ಲೆಕ್ಕ ತಿರುವುಮುರುವು, ಗುಂಡೇ ಹೆಚ್ಚು ಭಾರವಿರಬೇಕು.

ಒಂದು ಹಗ್ಗ ಪೂರ್ತಿ ಹರಿದಿತ್ತು, ಇನ್ನೊಂದು ಎಳೆ ಬಿಟ್ಟಿತ್ತು. ಎರಡನ್ನೂ ಬದಲಾಯಿಸಿದೆವು. ರಾಟೆಗೆ ಎಣ್ಣೆ ಬಿಟ್ಟೆವು. ತೆಳು ದಾರಕ್ಕೆ ಬಾಗಿಸಿದ ಮೊಳೆ ಕಟ್ಟಿ ರಾಟೆಯ ಮೇಲಿಂದ ಗೂಡಿಗೆ ಇಳಿಬಿಡುವ ಕೆಲಸ ಮೊಮ್ಮಗನದು. ಮೊಳೆ ಕೆಳಗಿನ ಮುಚ್ಚಳದ ಬಳಿ ಇಣುಕಿದಾಗ ಅವನು ಮೀನು ಸಿಕ್ಕಂತೆ ಕೂಗಿದ! ಆ ದಾರದ ಹಿಂದೆ ಹೊಸ ಹತ್ತಿಯ ಹಗ್ಗ ಬಂತು. ಮೊದಲೇ ಜಗ್ಗಿ ಎಳೆದಿಟ್ಟ ಹಗ್ಗ ಅದು. ಇಲ್ಲದಿದ್ದರೆ ಆಮೇಲೆ ಹಿಗ್ಗುತ್ತದೆ. ಕಿಟಕಿ ಪೂರ್ತಿ ಏರಿದಾಗಲೂ ಗುಂಡು ಗೂಡಿನ ತಳ ಮುಟ್ಟದಂತೆ ಅಳತೆ ನೋಡಿ ಗಂಟು ಹಾಕಿದೆವು. ತಳ ಮುಟ್ಟಿದರೆ ಹಗ್ಗ ಸಡಿಲವಾಗಿ ಕಿಟಕಿ ಮತ್ತೆ ಜಾರುತ್ತದೆ.

“ನಾನು ಎತ್ತಲಾ?”

ಮಗಳು ನನ್ನ ಮುಖ ನೋಡಿದಳು. ಮೊದಲು ನಾವಿಬ್ಬರೂ ಹತ್ತು ಸಲ ಎತ್ತಿ ಇಳಿಸಿದೆವು. ಬಿಟ್ಟಲ್ಲೇ ನಿಂತಿತು. ಆಮೇಲೆ ಅವನ ಸರದಿ. ಹನ್ನೊಂದು ಕೆ.ಜಿ. ಕಿಟಕಿ ಅವನ ಎರಡು ಬೆರಳಿಗೆ ಏರಿತು! ಗೂಡಿನೊಳಗೆ ಗುಂಡು ಇಳಿಯುವ ಸದ್ದು ಕೇಳಲು ಮರಕ್ಕೆ ಕಿವಿಯಿಟ್ಟುಕೊಂಡೇ ಇನ್ನೊಮ್ಮೆ ಎತ್ತಿದ.

ಇನ್ನೊಂದು ಮಾತು. ನೀವು ಹತ್ತುವ ಎಷ್ಟೋ ಲಿಫ್ಟುಗಳ ಹಿಂದೆಯೂ ಇಂಥದೇ ಎದುರುಭಾರ ಇರುತ್ತದೆ. ನೀವು ಏರುವಾಗ ಅದು ಇಳಿಯುತ್ತದೆ. ಏತ ಕಂಡ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಕೇಳಿ ನೋಡಿ, ಆ ಕಡೆ ಎಷ್ಟು ಕಲ್ಲು ಕಟ್ಟುತ್ತಿದ್ದರು ಅಂತ.