ಹಳೆಯ ಕಾರಿನ ಕೀಲುಗಳು

ಹಳೆಯ ಕಾರನ್ನು ಮನೆಯಲ್ಲಿಟ್ಟುಕೊಂಡವರ ಪ್ರೀತಿಯೆಲ್ಲ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಕಡೆಗೇ ಹರಿಯುವುದು. ಬಣ್ಣ ಮಾಸಿದರೆ ಅವರ ಮುಖವೂ ಮಾಸುತ್ತದೆ. ಬಂಪರಿನ ಹೊಳಪು ಅಡಗಿದರೆ ಭಾನುವಾರದ ಬೆಳಗೆಲ್ಲ ಅದನ್ನು ಉಜ್ಜುವುದರಲ್ಲಿ ಕಳೆಯುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಕೊಂಚ ಅಪಸ್ವರ ಕೇಳಿದರೂ ಸಂಗೀತ ವಿದ್ವಾಂಸರಂತೆ ಕಿವಿ ನಿಮಿರುತ್ತದೆ. ಆದರೆ ಕಾರಿನ ಹೊಟ್ಟೆಯ ಕೆಳಗೆ, ಕೆಸರು ಗ್ರೀಸುಗಳ ನಡುವೆ, ಓಡಿಸುವವನ ಕೈಯನ್ನೂ ಓಡುವ ಚಕ್ರವನ್ನೂ ಬೆಸೆಯುವ ಕೆಲವು ಕೀಲುಗಳಿವೆ. ಅವುಗಳ ಯೋಗಕ್ಷೇಮ ವಿಚಾರಿಸುವವರು ವಿರಳ. ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ, ಅಷ್ಟೆ. ಈ ಕೀಲುಗಳು ಕಳಚಿದರೆ ಕಾರು ನಿಲ್ಲುವುದಿಲ್ಲ ಎಂಬುದೇ ಭಯಂಕರ ಸಂಗತಿ.

ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ 1986ರ ಪ್ರೀಮಿಯರ್ ಪದ್ಮಿನಿಯೊಂದಿದೆ. ಇಟಲಿಯಲ್ಲಿ 1953ರಲ್ಲಿ ಹೊಸ ರೂಪ ತಳೆದ ಫಿಯಟ್ 1100ರ ವಂಶದ ಕುಡಿ ಅದು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ ಎಪ್ಪತ್ತರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ದೊರೆಯಿತು. ಆದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಅದರ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಕಡೆಯ ಪದ್ಮಿನಿ ಟ್ಯಾಕ್ಸಿಯೂ ನಿವೃತ್ತಿ ಪಡೆಯಿತು. ಮೇಷ್ಟ್ರ ಕಾರು ಮಾತ್ರ ನಿವೃತ್ತಿಯ ಮಾತೆತ್ತಿಲ್ಲ. ಹದಿನೈದು ವರ್ಷ ತುಂಬಿದ ಗಾಡಿಗಳ ನಿಯಮದಂತೆ ಐದೈದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಯ ಮುಂದೆ ನಿಂತು ತನ್ನ ಆರೋಗ್ಯವನ್ನು ರುಜುವಾತು ಮಾಡಿ ಬರುತ್ತಿದೆ. ಈಗ ಅದಕ್ಕೊಂದು ಹೊಸ ಸಡಗರ. ಮೊಮ್ಮಗಳು ಲೈಸೆನ್ಸ್ ಪಡೆದಿದ್ದಾಳೆ. ಅಜ್ಜಿಯನ್ನು ಕೂರಿಸಿಕೊಂಡು ತಾನೇ ಚಾಮುಂಡಿಬೆಟ್ಟಕ್ಕೆ ಹೋಗಿಬರುವೆನೆಂದು ಹಟ ಹಿಡಿದಿದ್ದಾಳೆ.

ಕಾರಿನ ರೋಗವನ್ನು ಮೊದಲು ಕಂಡುಹಿಡಿದವರು ಮೇಷ್ಟ್ರಲ್ಲ, ಅವರ ಮನೆಯಾಕೆ. ಓಡಿಸುವವನಿಗೆ ದಿನದಿನದ ರೂಢಿಯಿಂದ ಬದಲಾವಣೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ.

“ಅಲ್ಲಾಂದ್ರೆ, ರಸ್ತೆ ನೆಟ್ಟಗೇ ಇದೆಯಲ್ಲ, ನೀವು ಯಾಕೆ ಸ್ಟೇರಿಂಗನ್ನ ಮೊಸರು ಕಡೆಯೋ ಹಾಗೆ ಆಡಿಸ್ತಾ ಇದ್ದೀರಿ?” ಎಂದು ಆಕೆ ಕೇಳಿದರಂತೆ.

ಮೇಷ್ಟ್ರು ಅಂದು ಮನೆಗೆ ಬಂದು ಮುಂದಿನ ಟೈರುಗಳನ್ನು ಸವರಿ ನೋಡಿದರು. ಒಂದರ ಒಳಅಂಚು ಬೋಳಾಗಿತ್ತು. ಹಳ್ಳ ಹಾರಿದಾಗ ಎಡಗಡೆಯಿಂದ ‘ಟಕ್’ ಎನ್ನುವ ಸದ್ದು, ವೇಗ ಹೆಚ್ಚಿದಾಗ ಕೈಗೆ ನಡುಕ. ಲಕ್ಷಣಗಳೆಲ್ಲ ಒಟ್ಟಾಗಿಯೇ ಇದ್ದವು.

ಗ್ಯಾರೇಜಿನ ಮೇಸ್ತ್ರಿ ವಯಸ್ಸಾದವನು. ಯಾವ ಯಂತ್ರದ ಸಹಾಯವೂ ಇಲ್ಲದೆ ರೋಗನಿದಾನ ಮಾಡುವ ಹಳೆಯ ಪಂಡಿತರ ಜಾತಿಯವನು. ಮುಂದಿನ ಚಕ್ರವನ್ನು ಜಾಕಿಯಿಂದ ನೆಲಬಿಡಿಸಿ, ಒಂದು ಕೈ ಮೇಲೆ, ಒಂದು ಕೈ ಕೆಳಗೆ ಹಿಡಿದು ಅಲುಗಿಸಿದ. ಚಕ್ರ ತೂಗಿತು. “ಬ್ರೇಕ್ ತುಳೀರಿ ಸ್ವಾಮಿ” ಎಂದು ಹೇಳಿ ಮತ್ತೆ ಅಲುಗಿಸಿದ. ಬ್ರೇಕ್ ಹಿಡಿದಾಗ ಅಲುಗಾಟ ನಿಂತರೆ ದೋಷ ಚಕ್ರದ ಬೇರಿಂಗಿನದು; ನಿಲ್ಲದಿದ್ದರೆ ಕಿಂಗ್ ಪಿನ್ನಿನದು. ಅದು ನಿಲ್ಲಲಿಲ್ಲ. ಅನಂತರ ಚಕ್ರವನ್ನು ಎಡಬಲಕ್ಕೆ ಹಿಡಿದು ಜಗ್ಗಿದ. ಟೈರಾಡಿನ ತುದಿಯ ಗುಂಡುಕೀಲೂ ಸವೆದಿತ್ತು. ಕಾರನ್ನು ನೆಲಕ್ಕಿಳಿಸಿ, ಮೊಮ್ಮಗಳಿಗೆ ಸ್ಟೇರಿಂಗನ್ನು ಒಂದಿಷ್ಟೇ ಆಚೀಚೆ ತಿರುಗಿಸುತ್ತಿರಲು ಹೇಳಿ, ತಾನು ಕೆಳಗೆ ತೂರಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟ. ಸವೆದ ಕೀಲು ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕುತ್ತದೆ.

ಅಂಬಾಸಿಡರಿನ ಸ್ಟೇರಿಂಗ್ ರ‍್ಯಾಕ್ ಪದ್ಧತಿಯದು. ಅದರ ಮುಂಗಾಲಿಗೆ ತಿರುಚುವ ಉಕ್ಕಿನ ಸರಳುಗಳು. ಫಿಯಟ್ಟಿನದು ಬೇರೆ ಸಂಸಾರ: ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಕಮಾನು ಪಟ್ಟಿ, ಮತ್ತು ಸ್ಟೇರಿಂಗ್ ಪೆಟ್ಟಿಗೆಯಿಂದ ಚಕ್ರದವರೆಗೆ ಕೈಕೈ ಹಿಡಿದು ನಿಂತ ಸರಳುಗಳ ಸಾಲು. ಸಾಲಿನ ಪ್ರತಿಯೊಂದು ಕೀಲಿನಲ್ಲೂ ಕೂದಲೆಳೆಯಷ್ಟು ಸವೆತವಾದರೆ, ಎಲ್ಲ ಕೂಡಿ ಮೇಷ್ಟ್ರ ಕೈಯಲ್ಲಿ ಮೊಸರು ಕಡೆಯುವಷ್ಟಾಗುತ್ತದೆ. ಇಂಥಲ್ಲಿ ಕೆಲವರು ಸುಲಭದ ಹಾದಿ ಹಿಡಿಯುವುದುಂಟು. ಸ್ಟೇರಿಂಗ್ ಪೆಟ್ಟಿಗೆಯ ಸ್ಕ್ರೂ ಒಂದನ್ನು ಬಿಗಿದುಬಿಟ್ಟರೆ ಸಡಿಲು ಮಾಯವಾದಂತೆ ತೋರುತ್ತದೆ. ಆದರೆ ಪೆಟ್ಟಿಗೆಯೊಳಗಣ ಹಲ್ಲು ಹೆಚ್ಚಾಗಿ ಸವೆಯುವುದು ನೇರ ಓಟದ ಮಧ್ಯಭಾಗದಲ್ಲಿ. ಅಲ್ಲಿಗೆ ಸರಿಹೋಗುವಂತೆ ಬಿಗಿದರೆ ತಿರುವಿನಲ್ಲಿ ಅದು ಹಿಡಿದುಕೊಳ್ಳುತ್ತದೆ. ಮೇಸ್ತ್ರಿ ಆ ಸ್ಕ್ರೂವಿನ ಗೊಡವೆಗೆ ಹೋಗಲಿಲ್ಲ; ಪೆಟ್ಟಿಗೆಯಲ್ಲಿ ಆಯಿಲ್ ಇದೆಯೇ ಎಂದು ಮಾತ್ರ ನೋಡಿದ. ಒಂದು ಚೀಟಿ ಬರೆಸಿದ: ಕಿಂಗ್ ಪಿನ್ ಸೆಟ್ಟು ಎರಡು, ಟೈರಾಡ್ ತುದಿಗಳು, ತೋಳಿನ ರಬ್ಬರ್ ಬುಶ್‌ಗಳು, ಮುಂದಿನ ಶಾಕ್ ಅಬ್ಸಾರ್ಬರ್ ಜೊತೆ.

ಚೀಟಿ ಹಿಡಿದು ಮೇಷ್ಟ್ರು ಮೊಮ್ಮಗಳೊಡನೆ ರೈಲಿನಲ್ಲಿ ಬೆಂಗಳೂರಿಗೆ ಬಂದರು. ಮೋಟಾರು ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಕ್ಷೇತ್ರವಿದ್ದಂತೆ. ಆದರೆ ಕ್ಷೇತ್ರದಲ್ಲಿ ದೇವರಿರುವಂತೆ ಪುರೋಹಿತರೂ ಇರುತ್ತಾರೆ. ಹಳೆಯ ಫಿಯಟ್ ಎಂದೊಡನೆ ಮೂರು ಅಂಗಡಿಯವರು ತಲೆಯಲ್ಲಾಡಿಸಿದರು. ನಾಲ್ಕನೆಯವನು ಅಟ್ಟದ ಮೇಲಿಂದ ಧೂಳು ತುಂಬಿದ ಡಬ್ಬಗಳನ್ನಿಳಿಸಿ, ಮೇಜಿನ ಮೇಲೆ ಎರಡು ಬಗೆಯ ಟೈರಾಡ್ ತುದಿಗಳನ್ನಿಟ್ಟ. ಒಂದಕ್ಕೆ ಇನ್ನೊಂದರ ಮೂರರಷ್ಟು ಬೆಲೆ.

“ಎರಡೂ ಒಂದೇ ಸಾರ್, ಡಬ್ಬದ ಹೆಸರಿಗೆ ದುಡ್ಡು” ಎಂದ.

ಡಬ್ಬದ ಹೆಸರನ್ನು ಯಾವ ಮುದ್ರಣಾಲಯದಲ್ಲಾದರೂ ಅಚ್ಚು ಹಾಕಿಸಬಹುದು. ಆದ್ದರಿಂದ ಮೇಷ್ಟ್ರು ಡಬ್ಬವನ್ನು ಬದಿಗಿಟ್ಟು ಒಳಗಿನ ಲೋಹವನ್ನು ಕೈಗೆತ್ತಿಕೊಂಡರು. ಒಳ್ಳೆಯದರ ಗುಂಡುಕೀಲು ಬೆರಳಿಗೆ ಬಿಗಿಯಾಗಿ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ತಿರುಗಿತು. ಅಗ್ಗದ್ದು ಒಂದೆಡೆ ಸಡಿಲ, ಒಂದೆಡೆ ತಡೆ. ಒಳ್ಳೆಯದರ ಮರೆಗಳು ಚೊಕ್ಕಟವಾಗಿದ್ದು ನಟ್ಟು ಬೆರಳಿನಿಂದಲೇ ಕೊನೆಯವರೆಗೆ ಓಡಿತು; ಲೋಹದ ಮೇಲೆ ಭಾಗದ ಸಂಖ್ಯೆ ಅಚ್ಚೊತ್ತಿತ್ತು. ಅಗ್ಗದ್ದರ ಮೈಯಲ್ಲಿ ಬಣ್ಣ ದಪ್ಪಗೆ ಬಳಿದಿತ್ತು. ದಪ್ಪ ಬಣ್ಣ ಕಂಡರೆ ಅನುಮಾನಿಸಬೇಕು. ಅದರಡಿಯಲ್ಲಿ ಎರಕದ ಗುಳಿಗಳಿರುವ ಸಂಭವ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ ಕೀಲಿನ ಕಾಲು ಕೂಡುವ ಓರೆ. ಚೂಪಾಗುತ್ತ ಹೋಗುವ ಆ ಕಾಲು ತೋಳಿನ ರಂಧ್ರದಲ್ಲಿ ಪೂರ್ತಿ ಮೈಯೂರಿ ಕೂರಬೇಕು. ಅಂಚಿನಲ್ಲಿ ಮಾತ್ರ ಕಚ್ಚಿದರೆ ನಟ್ಟು ಎಷ್ಟು ಬಿಗಿದರೂ ಒಂದು ದಿನ ಅಲುಗುತ್ತದೆ. ಅದನ್ನು ಅಂಗಡಿಯಲ್ಲಿ ತಿಳಿಯುವುದಕ್ಕೆಂದೇ ಮೇಸ್ತ್ರಿ ಹಳೆಯ ಕೀಲನ್ನು ಕಾಗದದಲ್ಲಿ ಸುತ್ತಿ ಕಳಿಸಿದ್ದ. ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅಗ್ಗದ್ದರ ಓರೆಯೇ ಬೇರೆಯಾಗಿತ್ತು. ಅಂಗಡಿಯವನು ಅದನ್ನು ಮೌನವಾಗಿ ಡಬ್ಬಕ್ಕೆ ಸೇರಿಸಿದ.

ಮುಂದಿನ ಪ್ರಕರಣ ಇನ್ನೂ ಸ್ವಾರಸ್ಯವಾದುದು. ಅಂಗಡಿಯವನು ಅತಿ ಗೌರವದಿಂದ ಮೂಲ ಕಾರ್ಖಾನೆಯ ಕಾಲದ ಎರಡು ಡಬ್ಬಗಳನ್ನು ತೆರೆದ. ಒಂದರಲ್ಲಿ ಎಣ್ಣೆಕಾಗದದಲ್ಲಿ ಸುತ್ತಿದ ಕಿಂಗ್ ಪಿನ್ ಸೆಟ್ಟು, ಇನ್ನೊಂದರಲ್ಲಿ ರಬ್ಬರ್ ಬುಶ್‌ಗಳು. ಅಸಲಿ ಮಾಲೆಂಬುದರಲ್ಲಿ ಸಂದೇಹವಿರಲಿಲ್ಲ. ಮೇಷ್ಟ್ರ ಕಣ್ಣು ತೇವವಾಯಿತು. ಇಂಥ ಕಡೆಯೇ ಪ್ರೀತಿ ಮನುಷ್ಯನನ್ನು ದಾರಿ ತಪ್ಪಿಸುವುದು. ಉಕ್ಕಿಗೆ ತುಕ್ಕು ಹಿಡಿಯದಿದ್ದರೆ ಇಪ್ಪತ್ತೈದು ವರ್ಷ ಅಟ್ಟದ ಮೇಲಿದ್ದರೂ ಅದು ಉಕ್ಕೇ. ರಬ್ಬರಾದರೋ ಕೆಲಸ ಮಾಡದೆಯೂ ಮುದಿಯಾಗುತ್ತದೆ. ಮೊಮ್ಮಗಳು ಬುಶ್ ಒಂದನ್ನು ಉಗುರಿನಿಂದ ಒತ್ತಿ, “ತಾತ, ಇದು ನಮ್ಮ ಹಳೇ ಎರೇಸರ್ ಥರ ಇದೆ” ಎಂದಳು. ಅದನ್ನು ಕೊಂಚ ಬಗ್ಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕುಗಳು ಬಾಯಿಬಿಟ್ಟವು. ಹೀಗಾಗಿ ಪಿನ್ನನ್ನು ಹಳೆಯ ಡಬ್ಬದಿಂದಲೂ, ಬುಶ್ಶನ್ನು ಹೊಸದಾಗಿ ತಯಾರಾದ ಮಾಲಿನಿಂದಲೂ ಆರಿಸಿದ್ದಾಯಿತು. ಪಾಲಿಯುರಿಥೇನ್ ಬುಶ್ ಸಹ ಅಲ್ಲಿತ್ತು. ಅದರ ಬಾಳಿಕೆ ಹೆಚ್ಚು, ನಿಜ; ಆದರೆ ರಸ್ತೆಯ ಪ್ರತಿಯೊಂದು ಕಲ್ಲಿನ ಸಮಾಚಾರವನ್ನೂ ಬೆನ್ನಿಗೆ ತಲುಪಿಸುತ್ತದೆ. ಅಜ್ಜಿಯ ಬೆನ್ನನ್ನು ನೆನೆದು ಅದನ್ನು ಬಿಟ್ಟರು.

ಶಿವಾಜಿನಗರದ ಗುಜರಿಯಲ್ಲಿ ಹಳೆಯ ಫಿಯಟ್ಟಿನ ಸ್ಟೇರಿಂಗ್ ಸರಳುಗಳು ಅರ್ಧ ಬೆಲೆಗೆ ಸಿಗಬಹುದೆಂದು ಯಾರೋ ಹೇಳಿದರು. ಬಾಗಿಲ ಹಿಡಿಯನ್ನೋ ಗಡಿಯಾರದ ಗಾಜನ್ನೋ ಗುಜರಿಯಿಂದ ತರಬಹುದು. ಯಾವ ಅಪಘಾತದಲ್ಲಿ ನಜ್ಜಾದ ಕಾರಿನಿಂದ ಕಳಚಿದ್ದೋ ತಿಳಿಯದ, ಬಗ್ಗಿ ಮತ್ತೆ ನೆಟ್ಟಗಾದ ಸರಳಿಗೆ ಮೊಮ್ಮಗಳ ಪ್ರಾಣವನ್ನು ಒಪ್ಪಿಸುವುದು ಮೇಷ್ಟ್ರಿಂದಾಗಲಿಲ್ಲ.

ಮನೆಗೆ ಬಂದು ಬಿಲ್ಲು ತೋರಿಸಿದಾಗ ಮನೆಯಾಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸುವುದಕ್ಕೆಂದು ಇಟ್ಟಿದ್ದ ಹಣದಲ್ಲಿ ಅರ್ಧ ಅಲ್ಲಿ ಕರಗಿತ್ತು.

“ಶಾಕ್ ಅಬ್ಸಾರ್ಬರ್ ಎಡಗಡೆಯದು ಮಾತ್ರ ಸೋರ್ತಿತ್ತು ಅಂದಿದ್ರಲ್ಲ, ಎರಡು ಯಾಕೆ?” ಎಂದು ಕೇಳಿದರು.

ಒಂದು ಕಾಲಿಗೆ ಹೊಸ ಪಾದರಕ್ಷೆ, ಇನ್ನೊಂದಕ್ಕೆ ಹರಕಲು ಹಾಕಿಕೊಂಡರೆ ನಡಿಗೆ ಹೇಗಾದೀತೋ ಹಾಗೆಯೇ ಕಾರಿಗೂ ಆಗುತ್ತದೆಂದು ಮೇಷ್ಟ್ರು ವಿವರಿಸಿದರು. “ಸರಿ, ಹಾಗಾದ್ರೆ ಈ ವರ್ಷ ಬಣ್ಣ ಬೇಡ” ಎಂದು ಆಕೆ ತೀರ್ಪಿತ್ತರು. ಬಣ್ಣದ ಆಸೆ ಮೇಷ್ಟ್ರದಾಗಿತ್ತು, ಅದನ್ನು ಬಿಟ್ಟುಕೊಡಬೇಕಾಯಿತು.

ಒಳ್ಳೆಯ ಮಾಲು ತಂದಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಕಿಂಗ್ ಪಿನ್ನಿನ ಕಂಚಿನ ಬುಶ್‌ಗಳನ್ನು ಒತ್ತಿ ಕೂರಿಸಿದ ಮೇಲೆ, ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ರೇಖೆಯಲ್ಲಿ ರೀಮರ್ ಹಾಯಿಸಬೇಕು. ಬುಶ್ಶಿನ ರಂಧ್ರ ಗ್ರೀಸ್ ನಿಪ್ಪಲ್ಲಿಗೆ ಎದುರಾಗಿಯೇ ಇರಬೇಕು. ಇಲ್ಲವಾದರೆ ಗ್ರೀಸು ಹೊರಗೇ ಉಳಿದು ಹೊಸ ಪಿನ್ನು ಹಸಿದು ಸಾಯುತ್ತದೆ. ಮೇಸ್ತ್ರಿ ಆ ಕೆಲಸವನ್ನು ಲೇತಿನವನಿಗೆ ಒಪ್ಪಿಸಿ, ತಾನೂ ಪಕ್ಕದಲ್ಲೇ ನಿಂತಿದ್ದ. ಶಾಕ್ ಅಬ್ಸಾರ್ಬರನ್ನು ನೆಟ್ಟಗೆ ಹಿಡಿದು ಹಲವು ಬಾರಿ ಎಳೆದು ಒತ್ತಿ ಒಳಗಿನ ಗಾಳಿ ಬಿಡಿಸಿದ. ತೋಳಿನ ಬುಶ್ಶಿನ ಬೋಲ್ಟುಗಳನ್ನು ಜಾಕಿಯ ಮೇಲಿರುವಾಗ ಬಿಗಿಯದೆ ಹಾಗೆಯೇ ಬಿಟ್ಟದ್ದನ್ನು ಕಂಡು ಮೊಮ್ಮಗಳು ಕಾರಣ ಕೇಳಿದಳು.

“ಕಾಲು ತೂಗಾಡ್ತಿರೋವಾಗ ಬಿಗಿದ್ರೆ, ನೆಲಕ್ಕಿಳಿಸಿದಾಗ ರಬ್ಬರು ತಿರುಚ್ಕೊಳ್ತದೆ ತಾಯಿ. ಹೊಸದೇ ಆದ್ರೂ ಬೇಗ ಹರೀತದೆ. ಭಾರ ಕೂತ ಮೇಲೆ ಬಿಗೀಬೇಕು.”

ಟೈರಾಡಿನ ನಟ್ಟು ಬಿಗಿದಾಗ ಪಿನ್ನಿನ ರಂಧ್ರ ಕೊಂಚ ತಪ್ಪಿತು. ನಟ್ಟನ್ನು ಹಿಂದಕ್ಕೆ ಸಡಿಲಿಸಿ ರಂಧ್ರ ಕೂಡಿಸುವುದು ಸೋಮಾರಿಯ ದಾರಿ. ಮೇಸ್ತ್ರಿ ಇನ್ನಷ್ಟು ಮುಂದಕ್ಕೆ ಬಿಗಿದು ರಂಧ್ರ ಕೂಡಿಸಿ ಹೊಸ ಸ್ಪ್ಲಿಟ್ ಪಿನ್ ತೂರಿಸಿದ. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಲು ಹುಡುಗನೊಬ್ಬ ಕೈ ಚಾಚಿದಾಗ, ಮುದುಕನ ನೋಟವೇ ಅವನನ್ನು ತಡೆಯಿತು. ಆ ಪಿನ್ನಿನ ಬೆಲೆ ಒಂದು ಲೋಟ ಕಾಫಿಗಿಂತ ಕಡಿಮೆ. ಅದು ಮುರಿದರೆ ನಟ್ಟನ್ನು ಹಿಡಿಯಲು ಮತ್ತೇನೂ ಇರುವುದಿಲ್ಲ.

ಸಂಜೆಗೆ ಚಕ್ರಗಳ ಅಲೈನ್‌ಮೆಂಟ್ ನೋಡಿಸಿದರು. ಟೈರಾಡ್ ತುದಿ ಬದಲಾದ ಮೇಲೆ ಇದನ್ನು ಮಾಡಿಸದಿದ್ದರೆ ಹೊಸ ಟೈರೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಒಂದು ವಾರ ಊರೊಳಗೇ ಓಡಿಸಿ, ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಬೆಟ್ಟದ ಪ್ರಯಾಣಕ್ಕೆ ಅಪ್ಪಣೆ ದೊರೆತದ್ದು. ಮೊಮ್ಮಗಳು ಓಡಿಸಿದಳು, ಅಜ್ಜಿ ಪಕ್ಕದಲ್ಲಿ ಕುಳಿತರು, ಮೇಷ್ಟ್ರು ಮೊದಲ ಬಾರಿಗೆ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ. ಇಳಿಜಾರಿನ ತಿರುವುಗಳಲ್ಲಿ ಅವರ ಕೈಗಳು ಇಲ್ಲದ ಸ್ಟೇರಿಂಗನ್ನು ಹಿಡಿದುಕೊಂಡೇ ಇದ್ದವು. ಅಜ್ಜಿ ಮಾತ್ರ ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಗ್ರೀಸನ್ನು ಎಷ್ಟು ದಿನಕ್ಕೊಮ್ಮೆ ಹಾಕಿಸಬೇಕೆಂದು ಮೊಮ್ಮಗಳನ್ನು ವಿಚಾರಿಸುತ್ತಿದ್ದರು.