ತವರದ ಗೊಂಬೆಗಳ ತವರೂರು

ಜರ್ಮನಿಯ ನ್ಯೂರೆಂಬರ್ಗ್ ನಗರದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರು ಸಾಗಿದರೆ, ಬವೇರಿಯಾ ಪ್ರಾಂತದ ಫ್ರಾಂಕೋನಿಯಾ ಸೀಮೆಯಲ್ಲಿ ಕುಲ್ಮ್‌ಬಾಖ್ ಎಂಬ ಪುಟ್ಟ ಊರು ಸಿಗುತ್ತದೆ. ಬಿಳಿಯ ಮೈನ್, ಕೆಂಪು ಮೈನ್ ಎಂಬ ಎರಡು ಹೊಳೆಗಳು ಈ ಊರಿನ ಮಗ್ಗುಲಲ್ಲಿಯೇ ಕೂಡಿಕೊಂಡು ಮೈನ್ ನದಿಯಾಗುತ್ತವೆ. ಕುಲ್ಮ್‌ಬಾಖ್ ಎಂದೊಡನೆ ಆ ಸೀಮೆಯವರಿಗೆ ನೆನಪಾಗುವುದು ಅಲ್ಲಿಯ ಬಿಯರು. ಆದರೆ ಜಗತ್ತಿನ ನಾನಾ ಮೂಲೆಗಳಿಂದ ಇಲ್ಲಿಗೆ ಬರುವವರಲ್ಲಿ ಬಿಯರಿನ ಗೊಡವೆಯೇ ಇಲ್ಲದ ಒಂದು ವರ್ಗವೂ ಉಂಟು. ಅವರ ಕೈಚೀಲದಲ್ಲಿ ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಹತ್ತಿಯಲ್ಲಿ ಸುತ್ತಿಟ್ಟ ನಾಲ್ಕಾರು ಪುಟ್ಟ ಗೊಂಬೆಗಳು ಇರುತ್ತವೆ. ಅವರು ನೇರವಾಗಿ ಬೆಟ್ಟದ ಮೇಲಿನ ಪ್ಲಾಸೆನ್‌ಬರ್ಗ್ ಕೋಟೆಯತ್ತ ಹೆಜ್ಜೆ ಹಾಕುತ್ತಾರೆ. ಏಕೆಂದರೆ ಆ ಕೋಟೆಯು ತವರದ ಗೊಂಬೆಗಳಿಗೆ ತವರುಮನೆಯಿದ್ದಂತೆ.

ಕೋಟೆಯ ದಾರಿ ಕಡಿದಾದುದು. ಏದುಸಿರು ಬಿಡುತ್ತಾ ಹತ್ತಿ ಹೆಬ್ಬಾಗಿಲನ್ನು ದಾಟಿದವನಿಗೆ ಒಳಗಿನ ಅಂಗಳವು ಆಯಾಸವನ್ನೆಲ್ಲ ಮರೆಸುತ್ತದೆ. ‘ಸುಂದರ ಅಂಗಳ’ ಎಂದೇ ಅದಕ್ಕೆ ಹೆಸರು. ಕಮಾನುಗಳ ಸಾಲು ಒಂದರ ಮೇಲೊಂದು ಏರಿ ನಿಂತಿದೆ. ಕಲ್ಲಿನ ಮೇಲೆಲ್ಲ ಬಳ್ಳಿಗಳು, ದುಂಡು ಚೌಕಟ್ಟಿನೊಳಗಿನ ಮುಖಗಳು. ಇಷ್ಟು ಕೋಮಲವಾದ ಕೆತ್ತನೆಯನ್ನು ಹೊತ್ತ ಈ ಕೋಟೆಯು ಒಮ್ಮೆ ನೆಲಸಮವಾಗಿತ್ತೆಂದರೆ ನಂಬುವುದು ಕಷ್ಟ.

ನಡೆದ ಸಂಗತಿ ಹೀಗೆ. 16ನೆಯ ಶತಮಾನದ ನಡುವಿನಲ್ಲಿ ಈ ಸೀಮೆಯನ್ನು ಆಲ್ಬ್ರೆಕ್ಟ್ ಆಲ್ಸಿಬಿಯಾಡಿಸ್ ಎಂಬ ಯುದ್ಧಪ್ರಿಯ ದೊರೆ ಆಳುತ್ತಿದ್ದನು. ನೆರೆಯ ನ್ಯೂರೆಂಬರ್ಗ್, ಬಾಂಬರ್ಗ್, ವೂರ್ಟ್ಸ್‌ಬರ್ಗ್‌ಗಳೊಡನೆ ಅವನು ಕಟ್ಟಿಕೊಂಡ ಹಗೆಯ ಫಲವನ್ನು ಉಂಡವರು ಊರಿನ ಜನ. 1553ರ ನವೆಂಬರ್ 26ರಂದು ಶತ್ರುಗಳು ಕುಲ್ಮ್‌ಬಾಖ್‌ಗೆ ನುಗ್ಗಿದರು. ಊರು ಸುಟ್ಟು ಬೂದಿಯಾಯಿತು. ಕೋಟೆ ಮಾತ್ರ ಮರುವರ್ಷದವರೆಗೆ ಹಿಡಿದು ನಿಂತು, ಕಡೆಗೆ ಶರಣಾಯಿತು. 1554ರಲ್ಲಿ ಗೆದ್ದವರು ಅದನ್ನು ಕೆಡವಿಹಾಕಿದರು. ಆಲ್ಬ್ರೆಕ್ಟನ ತರುವಾಯ ಬಂದ ಗೇಯಾರ್ಗ್ ಫ್ರೀಡ್ರಿಖ್ ದೊರೆಯು ಕಾಸ್ಪರ್ ಫಿಷರ್ ಎಂಬ ವಾಸ್ತುಶಿಲ್ಪಿಯ ನೆರವಿನಿಂದ ಅದೇ ಬೆಟ್ಟದ ಮೇಲೆ ಕೋಟೆಯನ್ನು ಮತ್ತೆ ಎಬ್ಬಿಸಿದನು. ಇಂದು ಕಾಣುವುದು ಆ ಎರಡನೆಯ ಕೋಟೆ. 19ನೆಯ ಶತಮಾನದಲ್ಲಿ ಅದು ಸೆರೆಮನೆಯಾಗಿಯೂ ಕಾಲ ಕಳೆಯಿತು. 1929ರಲ್ಲಿ ಇಲ್ಲಿ ತವರದ ಗೊಂಬೆಗಳ ವಸ್ತುಸಂಗ್ರಹಾಲಯವು ಪ್ರಾರಂಭವಾಯಿತು.

ಇಂದು ಅಲ್ಲಿ 3 ಲಕ್ಷಕ್ಕೂ ಮಿಕ್ಕ ಗೊಂಬೆಗಳಿವೆ. ಅವು ಅಂಗಡಿಯ ಸರಕಿನಂತೆ ಸಾಲಾಗಿ ನಿಂತಿಲ್ಲ. ಗಾಜಿನ ಹಿಂದೆ ಊರು, ಕಾಡು, ಸಂತೆ, ರಣರಂಗಗಳಾಗಿ ಬಾಳುತ್ತಿವೆ. ಇವುಗಳಲ್ಲೆಲ್ಲ ದೊಡ್ಡದಾದ ದೃಶ್ಯದ ಮುಂದೆ ಪ್ರವಾಸಿಗನು ತಾನಾಗಿಯೇ ದನಿ ತಗ್ಗಿಸುತ್ತಾನೆ. 1553ರ ಆ ನವೆಂಬರ್ ದಿನವೇ ಅಲ್ಲಿದೆ. ಹೊತ್ತಿ ಉರಿಯುವ ಮನೆಗಳು, ಏಣಿ ಹತ್ತುವ ಸೈನಿಕರು, ದಿಕ್ಕೆಟ್ಟು ಓಡುವ ಜನ, ಎಲ್ಲ ಸೇರಿ 19,385 ಗೊಂಬೆಗಳು! ಒಂದೊಂದೂ ಬೆರಳಿನ ಎರಡು ಗೆಣ್ಣಿನಷ್ಟು ಎತ್ತರ. ಒಂದೊಂದಕ್ಕೂ ಕೈಯಿಂದ ಹಚ್ಚಿದ ಬಣ್ಣ. ತನ್ನ ಊರಿನ ಅತಿ ದೊಡ್ಡ ದುಃಖವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡ ಜನ ವಿರಳ.

ಇಂಥ ಗೊಂಬೆಯನ್ನು ಮಾಡುವ ಬಗೆಯು ಸರಳವೂ ಹೌದು, ಕಠಿಣವೂ ಹೌದು. ಹಿಂದೆ ಮಕ್ಕಳು ಅಕ್ಷರ ತಿದ್ದುತ್ತಿದ್ದ ಸ್ಲೇಟಿನ ಜಾತಿಯ ಕಲ್ಲಿನ ಎರಡು ತುಂಡುಗಳನ್ನು ನುಣುಪಾಗಿ ಉಜ್ಜಿ, ಒಂದರಲ್ಲಿ ಗೊಂಬೆಯ ಮುಂಭಾಗವನ್ನೂ ಇನ್ನೊಂದರಲ್ಲಿ ಹಿಂಭಾಗವನ್ನೂ ತಿರುವುಮುರುವಾಗಿ ಕೊರೆಯುತ್ತಾರೆ. ಗಾಳಿ ಹೊರಹೋಗಲು ಕೂದಲೆಳೆಯಂಥ ಕಾಲುವೆಗಳನ್ನೂ ತೋಡುತ್ತಾರೆ. ಎರಡನ್ನೂ ಜೋಡಿಸಿ ಹಿಡಿದು, ಕರಗಿದ ಲೋಹವನ್ನು ಹೊಯ್ದರೆ ಕೆಲವೇ ಕ್ಷಣಗಳಲ್ಲಿ ಗೊಂಬೆ ಸಿದ್ಧ. ಲೋಹವು ಬಹುಮಟ್ಟಿಗೆ ತವರ, ಅಂದರೆ ನಮ್ಮ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಅದೇ ತವರ. ಅದರೊಡನೆ ಸೀಸವನ್ನು ಬೆರೆಸುತ್ತಿದ್ದರು. ಗಡುಸು ಬರಲೆಂದು ಸ್ವಲ್ಪ ಆಂಟಿಮನಿಯನ್ನೂ ಸೇರಿಸುವುದುಂಟು. 18ನೆಯ ಶತಮಾನದಲ್ಲಿ ನ್ಯೂರೆಂಬರ್ಗಿನ ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್ ಎಂಬ ತವರಗಾರನು ಈ ಚಪ್ಪಟೆ ಗೊಂಬೆಗಳನ್ನು ಕಲೆಯ ಮಟ್ಟಕ್ಕೆ ಏರಿಸಿದನು. 1839ರಲ್ಲಿ ಅದೇ ಊರಿನಲ್ಲಿ ಕಾರ್ಖಾನೆ ತೆರೆದ ಅರ್ನ್‌ಸ್ಟ್ ಹೈನ್‌ರಿಖ್‌ಸೆನ್ ಗೊಂಬೆಯ ಎತ್ತರವನ್ನು ಸುಮಾರು 3 ಸೆಂಟಿಮೀಟರಿಗೆ ನಿಗದಿಗೊಳಿಸಿದನು. ಅಂದಿನಿಂದ ಅದು ‘ನ್ಯೂರೆಂಬರ್ಗ್ ಅಳತೆ’ ಎಂದು ಪ್ರಸಿದ್ಧವಾಯಿತು.

ಎರಡು ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳಲ್ಲಿ, ಕುಲ್ಮ್‌ಬಾಖ್‌ನಲ್ಲಿ ಗೊಂಬೆಗಳ ಸಂತೆ ಕೂಡುತ್ತದೆ. ಚಪ್ಪಟೆ ಗೊಂಬೆಗಳ ಪಕ್ಕದಲ್ಲಿ ಮೈತುಂಬಿದ ದುಂಡು ಗೊಂಬೆಗಳೂ, ಬಣ್ಣ ಕಾಣದ ಬರಿಯ ಎರಕಗಳೂ ಮಾರಾಟಕ್ಕೆ ಬರುತ್ತವೆ. ಸಿಪಾಯಿಗಳ ದಂಡಿನ ನಡುವೆ ಹುಡುಗರ ಕಣ್ಣು ಅರಸುವುದು ಕಡಲ್ಗಳ್ಳರನ್ನು: ಮರಗಾಲಿನವನು, ಒಂಟಿಗಣ್ಣಿನವನು, ಹೆಗಲ ಮೇಲೆ ಗಿಣಿಯನ್ನು ಕೂರಿಸಿಕೊಂಡವನು. ಮೊಮ್ಮಗನ ಕೈಯಲ್ಲಿ ಅಂಥದೊಂದು ಗೊಂಬೆ ಸೇರಿದೊಡನೆ ಪಕ್ಕದಲ್ಲಿರುವ ಅಜ್ಜನು ಕನ್ನಡಕವನ್ನು ಸರಿಪಡಿಸಿಕೊಂಡು ಅದನ್ನು ತಲೆಕೆಳಗು ಮಾಡುತ್ತಾನೆ. ಹುಡುಗನು ಮುಖವನ್ನು ನೋಡಿದರೆ ಅಜ್ಜನು ಪಾದವನ್ನು ನೋಡುತ್ತಾನೆ! ಇದು ಹಳೆಯ ಗೊಂಬೆಯೋ, ಅಥವಾ ಹಳೆಯದರಿಂದ ತೆಗೆದ ಮರುಎರಕವೋ ಎಂಬುದು ಅವನ ಪ್ರಶ್ನೆ.

ಪ್ರಶ್ನೆಗೆ ಉತ್ತರವನ್ನು ಗೊಂಬೆಯೇ ಕೊಡುತ್ತದೆ. ಕೇಳುವ ತಾಳ್ಮೆ ಬೇಕು. ಹಳೆಯ ಅಚ್ಚಿನಲ್ಲಿಯೇ ಇಂದು ಲೋಹವನ್ನು ಹೊಯ್ದರೆ ಬರುವ ಗೊಂಬೆಯು ಅಣ್ಣನಿಗೆ ತಡವಾಗಿ ಹುಟ್ಟಿದ ತಮ್ಮನಂತೆ, ರೂಪದಲ್ಲಿ ಕೊರತೆಯಿಲ್ಲ. ಆದರೆ ಅಚ್ಚು ಇಲ್ಲದಾಗ ಹಳೆಯ ಗೊಂಬೆಯ ಮೇಲೆಯೇ ರಬ್ಬರಿನ ಅಚ್ಚು ತೆಗೆದು ಎರಕ ಹೊಯ್ಯುವುದುಂಟು. ಲೋಹವು ತಣಿಯುವಾಗ ಕುಗ್ಗುವುದರಿಂದ ಈ ಮರುಎರಕವು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಗುಂಡಿಗಳ ಅಂಚು ಮೊಂಡಾಗಿ, ಬೆರಳುಗಳ ನಡುವಿನ ಸಂದು ಮುಚ್ಚಿ, ಪೀಠದ ಮೇಲೆ ಕೊರೆದವನ ಅಕ್ಷರಗಳು ಮಸುಕಾಗುತ್ತವೆ. ಪ್ರತಿಯಿಂದ ಪ್ರತಿ ತೆಗೆದರೆ ಈ ದೋಷ ಇಮ್ಮಡಿಸುತ್ತದೆ. ತೂಕವೂ ಸಾಕ್ಷಿ ಹೇಳುತ್ತದೆ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಸಂಸ್ಥೆಯು ಒಳಗೆ ಟೊಳ್ಳಾದ ಸೀಸದ ಗೊಂಬೆಗಳನ್ನು ಮಾಡತೊಡಗಿತು. ಮೂಲವು ಟೊಳ್ಳಾಗಿದ್ದು ಕೈಗೆ ಬಂದದ್ದು ಗಟ್ಟಿಯಾಗಿ ಭಾರವಾಗಿದ್ದರೆ ಅದು ಪ್ರತಿಯೆಂದು ಸಂಶಯಿಸಬೇಕು.

ಕಡಲ್ಗಳ್ಳರ ವಿಷಯದಲ್ಲಿ ಇನ್ನೊಂದು ತಮಾಷೆಯುಂಟು. ಲೋಹದ ಗೊಂಬೆ ಹಳೆಯದು, ಪ್ಲಾಸ್ಟಿಕ್ಕಿನದು ಹೊಸದು ಎಂಬುದು ಸಾಮಾನ್ಯರ ಎಣಿಕೆ. ಆದರೆ ಅಮೆರಿಕದ ಲೂಯಿ ಮಾರ್ಕ್ಸ್ ಸಂಸ್ಥೆಯು ಒಂದು ಕಾಲದಲ್ಲಿ ತಯಾರಿಸಿದಂಥ ಪ್ಲಾಸ್ಟಿಕ್ಕಿನ ಕಡಲ್ಗಳ್ಳರಿಂದ ಹವ್ಯಾಸಿಗಳು ಅನಂತರ ಲೋಹದ ಪ್ರತಿಗಳನ್ನು ಎರೆಯುತ್ತಾರೆ. ಅಲ್ಲಿ ಪ್ಲಾಸ್ಟಿಕ್ಕೇ ಅಪ್ಪ, ಲೋಹವೇ ಮಗ!

ಹಾಗಾದರೆ ಮರುಎರಕವೆಂಬುದು ಮೋಸವೇ? ಇದಕ್ಕೆ ಉತ್ತರವು ಡ್ರೆಸ್ಡೆನ್ ನಗರದ ಕಥೆಯಲ್ಲಿದೆ. ಅಲ್ಲಿಯ ಹೈಡೆ ಎಂಬ ಕಾರ್ಖಾನೆಯ ಗಟ್ಟಿ ಗೊಂಬೆಗಳು ಒಂದು ಕಾಲಕ್ಕೆ ದೇಶವಿದೇಶಗಳ ಮಕ್ಕಳ ಕೈ ಸೇರಿದ್ದವು. ಓಡುವವನು, ಬೀಳುವವನು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತವನು, ಹೀಗೆ ಅವುಗಳ ಭಂಗಿಗಳಿಗೆ ಲೆಕ್ಕವಿರಲಿಲ್ಲ. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್ ಮೇಲೆ ಬಿದ್ದ ಬಾಂಬುಗಳ ಬೆಂಕಿಯಲ್ಲಿ ಆ ಕಾರ್ಖಾನೆಯೂ ನಾಶವಾಯಿತು. ಅಚ್ಚು ಹೋದ ಮೇಲೆ ಉಳಿದುದು ಮನೆಮನೆಗಳ ಪೆಟ್ಟಿಗೆಗಳಲ್ಲಿ ಅಡಗಿದ್ದ ಗೊಂಬೆಗಳು ಮಾತ್ರ. ಅವುಗಳಿಗೂ ಸಾವು ತಪ್ಪಿದ್ದಲ್ಲ. ಓಕ್ ಮರದ ಕಪಾಟಿನಿಂದ ಹೊರಡುವ ಹುಳಿಯ ಆವಿಗೆ ಸೀಸವು ಬೆಳ್ಳಗೆ ಬೂಷ್ಟು ಹಿಡಿದಂತಾಗಿ ಪುಡಿಪುಡಿಯಾಗುತ್ತದೆ. ಹೀಗೆ ಅಳಿಯುತ್ತಿರುವ ಒಂದು ರೂಪವನ್ನು ಇನ್ನೊಂದು ಮೈಗೆ ದಾಟಿಸುವವನನ್ನು ಕಳ್ಳನೆನ್ನಲು ನಾಲಗೆ ಏಳದು. ಕಳ್ಳತನವಿರುವುದು ಬೇರೆಡೆ: ಹೊಸ ಎರಕವನ್ನು ಉಜ್ಜಿ, ಮಸಿ ಬಳಿದು, ಬಣ್ಣವನ್ನು ಬೇಕೆಂದೇ ಚಕ್ಕೆ ಏಳಿಸಿ, ನೂರು ವರ್ಷದ್ದೆಂದು ಮಾರುವುದರಲ್ಲಿ. ಹಣ ಕಳೆದುಕೊಂಡವನ ನಷ್ಟ ಅವನೊಬ್ಬನದು. ಆದರೆ ಸುಳ್ಳು ಗೊಂಬೆಯೊಂದು ಸಂಗ್ರಹದೊಳಗೆ ಸೇರಿದರೆ ಮೂಲ ಕುಶಲಿಯ ಕೈ ಹೇಗಿತ್ತೆಂಬ ತಿಳಿವಳಿಕೆಯೇ ಕೆಡುತ್ತದೆ. ಆದ್ದರಿಂದಲೇ ಪ್ರಾಮಾಣಿಕನಾದ ಎರಕಗಾರನು ಪೀಠದ ಅಡಿಯಲ್ಲಿ ತನ್ನ ಗುರುತನ್ನು ಕೊರೆಯುತ್ತಾನೆ.

ಬಣ್ಣ ಹಚ್ಚುವವನ ಸತ್ಯವೂ ಇದೇ ಬಗೆಯದು. ಎರಕದ ಅಂಚಿನಲ್ಲಿ ಉಳಿದ ಲೋಹದ ಪೊರೆಯನ್ನು ಸಣ್ಣ ಅರದಿಂದ ಉಜ್ಜಿ, ಸಾಬೂನಿನ ನೀರಿನಲ್ಲಿ ತೊಳೆದು, ಒಣಗಿಸಿ, ತೆಳುವಾಗಿ ಅಸ್ತರಿನ ಬಣ್ಣವನ್ನು ಕೊಡಬೇಕು. ಸೀಸದ ಪುಡಿಯು ವಿಷವಾದುದರಿಂದ ಕೆಲಸ ಮುಗಿದೊಡನೆ ಕೈ ತೊಳೆಯುವುದನ್ನು ಮರೆಯುವಂತಿಲ್ಲ. ಚಿಕ್ಕ ಮಕ್ಕಳನ್ನು ದೂರವಿಡುವುದೂ ಅಗತ್ಯ. ಚಪ್ಪಟೆ ಗೊಂಬೆಯಾದರೆ ಕಷ್ಟ ಹೆಚ್ಚು. ಅದಕ್ಕೆ ಮೈಯೇ ಇಲ್ಲ. ನೆರಳು ಬೆಳಕುಗಳಿಂದಲೇ ಮೈಯನ್ನು ತುಂಬಬೇಕು. ಬೆಳಕು ಎಡದಿಂದ ಬರುವುದೆಂದು ಭಾವಿಸಿದರೆ ಮೂಗಿನಿಂದ ಪಾದರಕ್ಷೆಯವರೆಗೆ ಎಲ್ಲ ನೆರಳೂ ಬಲಕ್ಕೇ ಬೀಳಬೇಕು.

ಸಿಪಾಯಿಗೆ ಬಣ್ಣ ಹಚ್ಚುವವನಿಗೆ ಪಲ್ಟನ್ನಿನ ಸಮವಸ್ತ್ರದ ಪುಸ್ತಕವಿದೆ. ಕಡಲ್ಗಳ್ಳನಿಗೆ ಎಲ್ಲಿಯ ಸಮವಸ್ತ್ರ? ಎಲ್ಲರ ಮನಸ್ಸಿನಲ್ಲಿರುವ ಅವನ ಚಿತ್ರಕ್ಕೆ ಸ್ಟೀವನ್‌ಸನ್ನನು 1883ರಲ್ಲಿ ಪ್ರಕಟಿಸಿದ ‘ಟ್ರೆಷರ್ ಐಲೆಂಡ್’ ಕಾದಂಬರಿಯೂ, ತರುವಾಯ ಅಮೆರಿಕದ ಚಿತ್ರಕಾರ ಹೊವಾರ್ಡ್ ಪೈಲ್ ಬರೆದ ಚಿತ್ರಗಳೂ ಬಹುಮಟ್ಟಿಗೆ ಕಾರಣ. ತಲೆಗೆ ಸುತ್ತಿದ ವಸ್ತ್ರ, ಸೊಂಟದ ಕೆಂಪು ಪಟ್ಟಿ ಇವೆಲ್ಲ ಪೈಲನ ಕುಂಚದ ಕೊಡುಗೆ. 1718ರಲ್ಲಿ ಹತನಾದ ‘ಕರಿಗಡ್ಡ’ನ ಕಾಲದ ನಿಜವಾದ ಕಡಲ್ಗಳ್ಳನು ಉಳಿದ ನಾವಿಕರಂತೆಯೇ ಮೋಟು ಅಂಗಿ, ಸಡಿಲ ಚಲ್ಲಣಗಳಲ್ಲಿ ಓಡಾಡುತ್ತಿದ್ದನು. ಜರ್ಮನರ ಸ್ವಂತ ಕಡಲ್ಗಳ್ಳನಾದ ಕ್ಲೌಸ್ ಷ್ಟೋರ್ಟೆಬೆಕರನು ಹ್ಯಾಂಬರ್ಗಿನಲ್ಲಿ ತಲೆ ಒಪ್ಪಿಸಿದುದು 1400ರ ಸುಮಾರಿನಲ್ಲಿ. ಅವನ ತಲೆಗೆ ಮುಮ್ಮೂಲೆಯ ಟೋಪಿಯನ್ನಿಟ್ಟರೆ ಸುಮಾರು 300 ವರ್ಷ ಮುಂದಿನದನ್ನು ಇಟ್ಟಂತಾಗುತ್ತದೆ. ಆದ್ದರಿಂದ ಕುಂಚ ಹಿಡಿಯುವವನು ಮೊದಲು ನಿರ್ಧರಿಸಬೇಕು: ತಾನು ಹಚ್ಚುವುದು ಇತಿಹಾಸದ ಬಣ್ಣವೇ, ಹಳೆಯ ಆಟಿಕೆಯ ಬಣ್ಣವೇ? ಎರಡೂ ಯೋಗ್ಯವೇ. ಎರಡನ್ನೂ ಕಲಸಿ ಒಂದೆಂದು ಹೇಳುವುದು ಮಾತ್ರ ಸಲ್ಲದು.

ಸಂಜೆಯಾಗುತ್ತಾ ಸಂತೆ ಕರಗುತ್ತದೆ. ಮೊಮ್ಮಗನ ಜೇಬಿನಲ್ಲಿ ಬಣ್ಣ ಕಾಣದ ಕಡಲ್ಗಳ್ಳನೊಬ್ಬನು ಸೇರಿದ್ದಾನೆ. ಅದು ಮರುಎರಕವೆಂದು ಮಾರಿದವನೇ ಹೇಳಿದ್ದಾನೆ, ಪೀಠದ ಅಡಿಯಲ್ಲಿ ಗುರುತೂ ಇದೆ. ಅಜ್ಜನಿಗೆ ಅಷ್ಟೇ ಸಾಕು. ಬೆಟ್ಟದ ಮೇಲೆ ಪ್ಲಾಸೆನ್‌ಬರ್ಗ್ ಕೋಟೆಯು ಇಳಿಬಿಸಿಲಿನಲ್ಲಿ ಹೊಳೆಯುತ್ತಿದೆ. ಅದೂ ಒಂದು ಮರುಎರಕವಲ್ಲವೇ? 1554ರಲ್ಲಿ ಒಡೆದುಹೋದುದನ್ನು ಅದೇ ನೆಲದಲ್ಲಿ ಮತ್ತೊಮ್ಮೆ ಹೊಯ್ದು ನಿಲ್ಲಿಸಿದ್ದಾರೆ. ಮೊದಲನೆಯ ಕೋಟೆ ತಾನೆಂದು ಅದು ಎಂದೂ ಹೇಳಿಕೊಂಡಿಲ್ಲ. ಬಿದ್ದುದನ್ನು ಮರೆಮಾಚಿಯೂ ಇಲ್ಲ. ತನ್ನ ಮಡಿಲಿನಲ್ಲಿ ಗಾಜಿನ ಹಿಂದೆ 19,385 ತವರದ ಸಾಕ್ಷಿಗಳನ್ನು ಇರಿಸಿಕೊಂಡು ಆ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದೆ.