ಮೋಟಾರ್ ಓಡ್ತಿದೆ, ನೀರು ಬರ್ತಿದ್ಯಾ?

ಜಗಳೂರು ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸ್ಟಾರ್ಟರ್ ಬಾಕ್ಸಿನಲ್ಲಿ ಲೈಟು ಉರಿಯುತ್ತಿರುತ್ತದೆ, ಪೈಪಿನಲ್ಲಿ ಬರೀ ಗಾಳಿ. ಮೋಟಾರ್ ಓಡುವುದು ಬೇರೆ, ನೀರು ಬರುವುದು ಬೇರೆ.

ಪೇಸ್‌ಮೇಕರ್, ಕೊರೊಸಿಂಕ್ ಹಾಕಿ ಸರ್ವರ್‌ಗಳ ಕ್ಲಸ್ಟರ್ ಕಟ್ಟುವುದು ನನ್ನ ಕೆಲಸ. ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಬೇಕು. ಹೊಸ ಹುಡುಗರು ಪ್ರಾಸೆಸ್ ಇದೆಯಾ ಅಂತ ನೋಡಿ ಸುಮ್ಮನಾಗ್ತಾರೆ. ಡೇಟಾಬೇಸ್ ಜೀವಂತ ಇರುತ್ತೆ, ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡಲ್ಲ. ಅದಕ್ಕೇ 10 ಸೆಕೆಂಡಿಗೊಮ್ಮೆ ನಿಜವಾದ ಒಂದು ಕ್ವೆರಿ ಕಳಿಸಬೇಕು. ಹೇಳಿದ ಹೊತ್ತಿನೊಳಗೆ ಉತ್ತರ ಬರಲಿಲ್ಲ ಅಂದ್ರೆ ಕೆಟ್ಟಿದೆ ಅಂತಲೇ ಲೆಕ್ಕ. ಎಷ್ಟು ಸಲ ಕೆಟ್ಟ ಮೇಲೆ ಜಾಗ ಬದಲಿಸಬೇಕು ಅನ್ನೋದನ್ನೂ ನಾವೇ ಹೇಳಬೇಕು. ಇಲ್ಲದಿದ್ದರೆ ಪೇಸ್‌ಮೇಕರ್ ಅದೇ ಸರ್ವರ್‌ನಲ್ಲೇ ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಾ ಕೂರುತ್ತೆ.

ಪೂರ್ತಿ ಸತ್ತ ಸರ್ವರ್‌ಗಿಂತ ಅರ್ಧ ಸತ್ತದ್ದು ಅಪಾಯ. ಎರಡರ ನಡುವಿನ ನೆಟ್‌ವರ್ಕ್ ಕಡಿದರೆ, 'ಅವನು ಹೋದ, ಇನ್ನು ನಾನೇ ಯಜಮಾನ' ಅಂತ ಎರಡೂ ಒಂದೇ ಡಿಸ್ಕಿಗೆ ಬರೆಯಲು ಶುರುಮಾಡಿ ಡೇಟಾ ಹಾಳು. ಹಾಗಾಗಿ ಮೂರು ಸರ್ವರ್ ಇಟ್ಟು ಎರಡರ ಬಹುಮತ ಕೇಳ್ತೀವಿ. ಅನುಮಾನ ಬಂದ ಸರ್ವರ್‌ನ ಪವರ್ ತೆಗೆದ ಮೇಲೇ ಇನ್ನೊಂದಕ್ಕೆ ಕೆಲಸ ಕೊಡ್ತೀವಿ. ಇದಕ್ಕೆ ಸ್ಟೋನಿತ್ ಅಂತ ಹೆಸರು. ಚನ್ನಗಿರಿಯಲ್ಲಿ ಜನರೇಟರ್ ಇಟ್ಟ ಅಂಗಡಿಯವರು ಇದನ್ನೇ ಚೇಂಜ್‌ಓವರ್ ಸ್ವಿಚ್ ಅಂತಾರೆ. ಲೈನ್ ಕಡಿಯದೆ ಜನರೇಟರ್ ಹಾಕಿದರೆ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರೋ ಲೈನ್‌ಮನ್ ಜೀವ ಹೋಗಬಹುದು.

ಇನ್ನೊಂದು ಮಾತು. ಎರಡು ಸರ್ವರ್ ಒಂದೇ ರ್ಯಾಕ್, ಒಂದೇ ಯುಪಿಎಸ್ ಮೇಲಿದ್ದರೆ ಅವು ಎರಡಲ್ಲ, ಒಂದೇ. ತನ್ನ ಮಳೆಯನ್ನೇ ನಂಬಿದ ಊರಲ್ಲಿ ಕೆರೆ, ಬೋರು ಎರಡೂ ಒಟ್ಟಿಗೇ ಕೈಕೊಡುತ್ತವೆ. ಹೊನ್ನಾಳಿಯ ಪಕ್ಕ ಹರಿಯುವ ತುಂಗಭದ್ರೆ, ಚನ್ನಗಿರಿ ಕಡೆಯ ಭದ್ರಾ ಕಾಲುವೆ ತರೋದು ಮಲೆನಾಡಿನ ಮಳೆ. ಸ್ಟ್ಯಾಂಡ್‌ಬೈ ಅಂದ್ರೆ ಅದು.

ನ್ಯಾಮತಿ ಹತ್ತಿರದ ಹಳ್ಳಿಯಲ್ಲಿ ಅಪ್ಪಾಜಿ, ಅಮ್ಮ ಇಬ್ಬರೇ ಇದ್ದಾರೆ. ಮಕ್ಕಳು ನಾನು, ನನ್ನ ತಮ್ಮ. ಇಬ್ಬರೂ ಬೆಂಗಳೂರು, ಅಂದ್ರೆ ಒಂದೇ ರ್ಯಾಕ್. ರಾತ್ರಿ ಫೋನ್ ಮಾಡಿ 'ಆರಾಮಾ?' ಅಂದ್ರೆ 'ಆರಾಮಿದೀವಪ್ಪ' ಅಂತಾರೆ. ಮೋಟಾರ್ ಓಡ್ತಿದೆ ಅಂತ ಗೊತ್ತಾಗುತ್ತೆ, ಅಷ್ಟೇ. ಈಗ ಕೇಳೋದು, 'ಅಪ್ಪಾಜಿ, ಇವತ್ತು ತೋಟದ ಯಾವ ಕಡೆ ನೀರು ಬಿಟ್ರಿ?' ಉತ್ತರ ತಡವರಿಸಿದರೆ ಮಂಡಿನೋವು ಜಾಸ್ತಿಯಾಗಿದೆ ಅಂತ ಅರ್ಥ.

ಮನೆಯ ಇನ್ನೊಂದು ಬೀಗದ ಕೈ, ಮಾತ್ರೆ ಚೀಟಿ ಈಗ ಊರಲ್ಲೇ ಇರೋ ದೊಡ್ಡಪ್ಪನ ಮಗನ ಹತ್ತಿರ ಇವೆ. ಆದರೆ ಟೆಸ್ಟ್ ಮಾಡದ ಫೇಲ್‌ಓವರ್ ನಂಬೋಕಾಗಲ್ಲ. ಆಫೀಸಲ್ಲಿ ನಾವೇ ಕೇಬಲ್ ಕಿತ್ತು ನೋಡ್ತೀವಿ. ಯುಗಾದಿಗೆ ಹೋದಾಗ ರಾತ್ರಿ ಹತ್ತಕ್ಕೆ ಅಪ್ಪಾಜಿ ಕೈಲೇ ಅಣ್ಣನಿಗೆ ಫೋನ್ ಮಾಡಿಸಿದೆ. ಹನ್ನೆರಡು ನಿಮಿಷಕ್ಕೆ ಕಾರು ಬಾಗಿಲಲ್ಲಿತ್ತು. ಅಪ್ಪಾಜಿ, 'ಇದೊಂದು ಹುಚ್ಚು' ಅಂತ ನಕ್ಕರು. ಅಮ್ಮ ನಗಲಿಲ್ಲ. ಅಷ್ಟೂ ಹೊತ್ತು ಗಡಿಯಾರ ನೋಡ್ತಾ ನಿಂತಿದ್ದಳು.